ಹಳೆಯ ಲ್ಯಾಪ್ ಸ್ಟೀಲ್ ಗಿಟಾರ್: ಕೊಳ್ಳುವವರಿಗೂ ಮಾರುವವರಿಗೂ

ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಗಿಟಾರನ್ನು ನಮ್ಮಲ್ಲಿ ಹವಾಯನ್ ಗಿಟಾರ್ ಎನ್ನುವುದು ರೂಢಿ. ಅಮೆರಿಕದ ಹಳೆಯ ವಾದ್ಯಗಳ ಮಾರುಕಟ್ಟೆಯಲ್ಲಿ ಅದು ಲ್ಯಾಪ್ ಸ್ಟೀಲ್. 1930ರ ದಶಕದಿಂದ 1950ರ ದಶಕದ ಕೊನೆಯವರೆಗೆ ಅಲ್ಲಿ ಈ ವಾದ್ಯಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಓಆಹು ಕಂಪನಿಯಂಥವು ಪಾಠದ ಹಾಳೆ, ಗಿಟಾರ್, ಆಂಪ್ಲಿಫೈಯರ್ ಮೂರನ್ನೂ ವಿದ್ಯಾರ್ಥಿಗಳಿಗೆ ಮಾರುತ್ತಿದ್ದವು. ಆಮೇಲೆ ರಾಕ್ ಅಂಡ್ ರೋಲ್ ಬಂತು, ಕಾಲಿನ ಪೆಡಲ್‌ಗಳಿಂದ ತಂತಿಯ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ಬಂತು, ಪಾಠಕ್ಕೆ ಹೋಗುತ್ತಿದ್ದ ಮಕ್ಕಳು ದೊಡ್ಡವರಾದರು, ಗಿಟಾರುಗಳು ಮಂಚದಡಿ ಸೇರಿದವು. ಹೀಗೆ ಉಳಿದುಕೊಂಡವೇ ಇಂದು ಹರಾಜಿಗೂ, ಗಿರವಿ ಅಂಗಡಿಗಳಿಗೂ, ರಿವರ್ಬ್ ಮತ್ತು ಇಬೇ ಎಂಬ ಆನ್‌ಲೈನ್ ಮಾರಾಟ ತಾಣಗಳಿಗೂ ಬರುತ್ತಿವೆ.

ಬೆಲೆಯಲ್ಲಿ ಇವು ಇಂದಿಗೂ ಕೈಗೆಟುಕುವಂತಿವೆ. 1953ರಲ್ಲಿ ಒಂದೇ ಕಾರ್ಖಾನೆಯಿಂದ ಹೊರಬಂದ ಫೆಂಡರ್ ಟೆಲಿಕಾಸ್ಟರ್ ಮತ್ತು ಫೆಂಡರ್ ಚಾಂಪಿಯನ್ ಲ್ಯಾಪ್ ಸ್ಟೀಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದಕ್ಕೆ ಹತ್ತಾರು ಸಾವಿರ ಡಾಲರ್ ತೆರಬೇಕು. ಎರಡನೆಯದು ಅದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಆದರೆ ಮಾಮೂಲಿ ಗಿಟಾರನ್ನು ಪರೀಕ್ಷಿಸುವ ಕ್ರಮದಲ್ಲೇ ಇದನ್ನೂ ಪರೀಕ್ಷಿಸಿದರೆ ಹಣ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಅಲ್ಲಿ ಸವೆದ ಮೆಟ್ಟಿಲು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್), ಬಾಗಿದ ಕತ್ತು ದೊಡ್ಡ ದೋಷಗಳು. ಇಲ್ಲಿ ಮೆಟ್ಟಿಲೆಂದರೆ ಬರಿಯ ಗೆರೆ, ಬೆರಳು ಅದನ್ನು ಒತ್ತುವುದೇ ಇಲ್ಲ. ಕತ್ತು ತುಸು ಬಾಗಿದ್ದರೂ ನುಡಿಸುವವರಿಗೆ ತಿಳಿಯುವುದಿಲ್ಲ. ವಾದ್ಯದ ಪ್ರಾಣವಿರುವುದು ಪಿಕಪ್‌ನಲ್ಲಿ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ಸುರುಳಿಯಲ್ಲಿ; ಅದರ ನಂತರ ನಟ್ (ಬಿರಡೆಗಳ ಬದಿಯಲ್ಲಿ ತಂತಿಗಳು ಕೂರುವ ಪಟ್ಟಿ), ಕುದುರೆ (ಇನ್ನೊಂದು ತುದಿಯಲ್ಲಿ ತಂತಿಗಳನ್ನು ಹೊರುವ ಬ್ರಿಜ್) ಮತ್ತು ಬಿರಡೆಗಳಲ್ಲಿ. ಆದುದರಿಂದ ಪಿಕಪ್ ಮೊದಲು, ಹೆಡ್‌ಸ್ಟಾಕಿನ (ಬಿರಡೆಗಳಿರುವ ತುದಿಯ) ಮೇಲಿನ ಹೆಸರು ಆಮೇಲೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಯಾವುದನ್ನು ಹುಡುಕಬೇಕು

ಕೊಳ್ಳಲು ಹೊರಡುವ ಮುನ್ನ ವಾದ್ಯ ಯಾವ ಸಂಗೀತಕ್ಕೆ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹವಾಯಿಯ ಹಾಡುಗಳು, ಬ್ಲೂಸ್, ವೆಸ್ಟರ್ನ್ ಸ್ವಿಂಗ್, ಹಳೆಯ ಹಿಂದಿ ಚಿತ್ರಗೀತೆಗಳು ಇಂಥವಕ್ಕೆ ಆರು ತಂತಿಯ, 22.5 ಅಂಗುಲ ತಂತಿಯುದ್ದದ (ನಟ್‌ನಿಂದ ಕುದುರೆಯವರೆಗಿನ ಅಳತೆ) ವಾದ್ಯ ಧಾರಾಳವಾಗಿ ಸಾಕು. ರಾಗಸಂಗೀತ ನುಡಿಸುವ ಉದ್ದೇಶವಿದ್ದರೆ ವಿಷಯ ಬೇರೆ. ಹವಾಯಿಯ ಕಲಾವಿದ ಟೌ ಮೋ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿದ್ದ ಕಾಲದಿಂದಲೂ ಈ ವಾದ್ಯಕ್ಕೆ ಭಾರತದಲ್ಲಿ ಬೇರಿದೆ. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ಸಂಗೀತವನ್ನು ನುಡಿಸಿದರು, ವಿಶ್ವಮೋಹನ ಭಟ್ಟರು ತಾವಾಗಿಯೇ ಅನುರಣಿಸುವ ತರಬ್ ತಂತಿಗಳನ್ನು ಸೇರಿಸಿ ಮೋಹನವೀಣೆಯನ್ನು ರೂಪಿಸಿದರು, ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅವರಂಥ ಸ್ಲೈಡ್ ಗಿಟಾರ್ ಕಲಾವಿದರಿದ್ದಾರೆ. ಚಿಕಾರಿ (ಲಯಕ್ಕಾಗಿ ಮೀಟುವ ಬದಿಯ ತಂತಿ), ತರಬ್‌ಗಳಿರುವ ವಾದ್ಯವೇ ಬೇಕಾದವರು ಅದನ್ನು ಭಾರತದಲ್ಲೇ ಹೊಸದಾಗಿ ಮಾಡಿಸಿಕೊಳ್ಳುವುದು ಸರಿ. ಅಮೆರಿಕದ ಹಳೆಯ ಲ್ಯಾಪ್ ಸ್ಟೀಲ್ ತಂದು ಅದಕ್ಕೆ ರಂಧ್ರ ಕೊರೆದು ತರಬ್ ಜೋಡಿಸಿದರೆ ವಾದ್ಯವೂ ಕೆಡುತ್ತದೆ, ಮರುಮಾರಾಟದ ಬೆಲೆಯೂ ಹೋಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ. ಲಾಸ್ ಏಂಜಲಿಸ್‌ನ ಹರ್ಮನ್ ವೈಸನ್‌ಬಾರ್ನ್ 1920ರ ದಶಕದಲ್ಲಿ ಕೋವಾ ಮರದಿಂದ ಮಾಡುತ್ತಿದ್ದ, ಕತ್ತೂ ಟೊಳ್ಳಾಗಿರುವ ವಾದ್ಯಗಳು ಒಂದು ಬಗೆ. 1927ರಿಂದ ನ್ಯಾಷನಲ್ ಕಂಪನಿ, ಅದರ ಬೆನ್ನಿಗೇ ಡೋಬ್ರೋ ತಯಾರಿಸಿದ ಚೌಕ ಕತ್ತಿನ ರೆಸೊನೇಟರ್‌ಗಳು, ಅಂದರೆ ಒಡಲೊಳಗಿನ ಲೋಹದ ಶಂಕು ನಾದವನ್ನು ಹಿಗ್ಗಿಸುವ ಗಿಟಾರುಗಳು, ಇನ್ನೊಂದು. ಇವೆರಡೂ ಮರಗೆಲಸ, ಲೋಹಗೆಲಸ ಬಲ್ಲವರ ಕಣ್ಣಿನಡಿ ಹಾದ ಮೇಲೆಯೇ ಕೊಳ್ಳಬೇಕಾದವು. ವೈಸನ್‌ಬಾರ್ನ್‌ನಲ್ಲಿ ಕುದುರೆ ಎದ್ದಿದೆಯೇ, ಮುಂಭಾಗದ ಹಲಗೆ ಉಬ್ಬಿದೆಯೇ, ಒಳಗಿನ ಪಟ್ಟಿಗಳು ಬಿಟ್ಟುಕೊಂಡಿವೆಯೇ ಎಂಬುದನ್ನು ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಬೇಕೆಂಬಷ್ಟನ್ನು ಹೇಳಿ ಮುಂದುವರಿಯುತ್ತೇನೆ, ಏಕೆಂದರೆ ಹೆಚ್ಚಿನವರ ಕೈಗೆ ಬರುವುದು ಮೂರನೆಯ ಬಗೆ, ಅಂದರೆ ವಿದ್ಯುತ್ ಲ್ಯಾಪ್ ಸ್ಟೀಲ್.

ಇದರ ಆರಂಭ ಜಾರ್ಜ್ ಬೋಶಾಂ 1931ರಲ್ಲಿ ರೂಪಿಸಿದ ಮಾದರಿಯಿಂದ. ರಿಕನ್‌ಬ್ಯಾಕರ್ ಕಂಪನಿ 1932ರಿಂದ ಮಾರಿದ ಅಲ್ಯೂಮಿನಿಯಂ ಎರಕದ ಆ ಗಿಟಾರಿಗೆ ಅದರ ಆಕಾರದಿಂದಾಗಿ ಫ್ರೈಯಿಂಗ್ ಪ್ಯಾನ್ ಎಂಬ ಅಡ್ಡಹೆಸರು ಬಂತು. ವೇದಿಕೆಯ ದೀಪದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ಕದಲುತ್ತಿದ್ದುದರಿಂದ 1935ರಲ್ಲಿ ಬೇಕಲೈಟ್ ಎಂಬ ಗಡುಸಾದ ಹಳೆಯ ಪ್ಲಾಸ್ಟಿಕ್ಕಿನ ಮಾಡೆಲ್ ಬಿ ಬಂತು. ಸಂಗ್ರಾಹಕರು ಫ್ರೈಯಿಂಗ್ ಪ್ಯಾನಿಗೆ ಮುಗಿಬಿದ್ದರೂ ನುಡಿಸುವವರು ಇಂದಿಗೂ ಹೆಚ್ಚು ಹುಡುಕುವುದು ಈ ಬೇಕಲೈಟ್ ವಾದ್ಯವನ್ನೇ. ಎರಡರಲ್ಲೂ ತಂತಿಗಳನ್ನು ಸುತ್ತುವರಿದು ನಿಲ್ಲುವ ಲಾಳಾಕಾರದ ಅಯಸ್ಕಾಂತಗಳಿವೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅಯಸ್ಕಾಂತಗಳ ಅಗಲ ಒಂದೂವರೆ ಅಂಗುಲ, ಯುದ್ಧಾನಂತರದವು ಒಂದೂಕಾಲು. ತಂತಿಯ ದಿಕ್ಕಿನಲ್ಲಿ ಟೇಪು ಹಿಡಿದು ತೆಗೆದ ಒಂದು ಫೋಟೋ ಕಳಿಸಿರೆಂದು ಮಾರುವವರನ್ನು ಕೇಳಿದರೆ ನೂರಾರು ಡಾಲರಿನ ವ್ಯತ್ಯಾಸ ಆ ಒಂದು ಫೋಟೋದಲ್ಲೇ ತಿಳಿಯುತ್ತದೆ.

ಗಿಬ್ಸನ್‌ನ ಇಎಚ್-150, ಯುದ್ಧಾನಂತರ ಕಲಿಯುವವರಿಗಾಗಿ ಬಂದ ಬಿಆರ್-9, ಫೆಂಡರ್‌ನ ಚಾಂಪಿಯನ್ ಮತ್ತು ಡಿಲಕ್ಸ್, ಎರಡು ಅಥವಾ ಹೆಚ್ಚು ಕತ್ತುಗಳ ಸ್ಟ್ರಿಂಗ್‌ಮಾಸ್ಟರ್, ಇವೆಲ್ಲ ಹೆಸರಾದವು. ಆದರೆ ಕಡಿಮೆ ಹಣದಲ್ಲಿ ಒಳ್ಳೆಯ ನಾದ ಬೇಕೆನ್ನುವವರು ಷಿಕಾಗೋದ ವ್ಯಾಲ್ಕೊ ಕಾರ್ಖಾನೆಯ ಕಥೆಯನ್ನು ತಿಳಿದಿರಬೇಕು. ಒಂದೇ ಕಾರ್ಖಾನೆಯಲ್ಲಿ ತಯಾರಾದ ಗಿಟಾರುಗಳೇ ನ್ಯಾಷನಲ್, ಸುಪ್ರೊ, ಓಆಹು, ಏರ್‌ಲೈನ್ ಎಂಬ ಬೇರೆ ಬೇರೆ ಹೆಸರು ಹೊತ್ತು ಮಾರಾಟವಾದವು. ಒಳಗಿನ ಪಿಕಪ್ ಅದೇ, ಬೆಲೆ ಮಾತ್ರ ಹೆಸರಿನ ಮೇಲೆ ಏರಿಳಿಯುತ್ತದೆ. ಗಿಬ್ಸನ್ ಕೂಡ ಕಲಾಮಜೂ ಎಂಬ ಅಗ್ಗದ ಹೆಸರಿನಲ್ಲಿ ಲ್ಯಾಪ್ ಸ್ಟೀಲ್ ಮಾರುತ್ತಿತ್ತು. ಹೆಸರು ಗೊತ್ತಿಲ್ಲವೆಂದು ಇತರರು ದಾಟಿಹೋಗುವ ಜಾಹೀರಾತಿನಲ್ಲಿ ಪಿಕಪ್‌ನ ಆಕಾರವನ್ನು ಗುರುತಿಸಬಲ್ಲವರಿಗೆ ಲಾಭವಿದೆ.

ಕೈಗೆ ಬಂದಾಗ ಏನು ನೋಡಬೇಕು

ಮೊದಲ ಪ್ರಶ್ನೆ, ಪಿಕಪ್ ಅಸಲಿಯೇ ಎಂಬುದು. ಹಳೆಯ ಲ್ಯಾಪ್ ಸ್ಟೀಲ್‌ಗಳ ದೊಡ್ಡ ದುರದೃಷ್ಟವೆಂದರೆ ಅವುಗಳ ಪಿಕಪ್ ಬೇರೆ ಗಿಟಾರುಗಳಿಗೆ ಬೇಕಾಗಿರುವುದು. ಆರಂಭದ ಇಎಚ್-150ಗಳಲ್ಲಿರುವ ಪಿಕಪ್ ಜಾಝ್ ವಾದಕ ಚಾರ್ಲಿ ಕ್ರಿಶ್ಚಿಯನ್ ಹೆಸರಿನಿಂದ ಪ್ರಸಿದ್ಧವಾದದ್ದು. ಅದನ್ನು ಕಿತ್ತು ಜಾಝ್ ಗಿಟಾರಿಗೆ ಕೂರಿಸಿದವರು ಬಹಳ. ಫೆಂಡರ್ ಚಾಂಪಿಯನ್‌ನ ಪಿಕಪ್ ಟೆಲಿಕಾಸ್ಟರ್‌ನ ಕುದುರೆ ಬದಿಯ ಪಿಕಪ್‌ನ ಪೂರ್ವಜ, ಆದ್ದರಿಂದ ಅದಕ್ಕೂ ಅದೇ ಗತಿ. ಅಮೆರಿಕದ ಸ್ಲೈಡ್ ಗಿಟಾರ್ ವಾದಕ ರೈ ಕೂಡರ್ ತನ್ನ ಫೆಂಡರ್ ಸ್ಟ್ರಾಟೊಕಾಸ್ಟರಿಗೆ ವ್ಯಾಲ್ಕೊ ಲ್ಯಾಪ್ ಸ್ಟೀಲಿನ ಪಿಕಪ್ ಹಾಕಿಸಿಕೊಂಡ ಮೇಲೆ ಆ ಪಿಕಪ್‌ಗಳಿಗೂ ಬೇಡಿಕೆ ಬಂತು. ಕಿತ್ತವರು ಜಾಗವನ್ನು ಖಾಲಿ ಬಿಡುವುದಿಲ್ಲ. ಹೊಸದೊಂದನ್ನು ಕೂರಿಸಿ, ಹಳೆಯ ಮುಚ್ಚಳವನ್ನೇ ಮೇಲೆ ಹಾಕಿ ಮಾರುತ್ತಾರೆ. ಹೊರಗಿನಿಂದ ನೋಡಿದರೆ ಗಿಟಾರು ಪೂರ್ತಿಯಾಗಿಯೇ ಕಾಣುತ್ತದೆ. ಆದುದರಿಂದ ಮುಚ್ಚಳ ತೆಗೆದ ಫೋಟೋ ಇಲ್ಲದೆ ದುಬಾರಿ ವಾದ್ಯಕ್ಕೆ ಮುಂಗಡ ಕೊಡಬಾರದು. ಒಳಗೆ ಬಟ್ಟೆ ಸುತ್ತಿದ ಹಳೆಯ ವೈರು, ಮಂಕಾದ ಬೆಸುಗೆ ಇದ್ದರೆ ನೆಮ್ಮದಿ. ಮಿಂಚುವ ಹೊಸ ಬೆಸುಗೆ, ಪ್ಲಾಸ್ಟಿಕ್ ಹೊದಿಕೆಯ ವೈರು ಕಂಡರೆ ಯಾರು, ಏಕೆ, ಏನನ್ನು ಬದಲಿಸಿದರೆಂದು ಕೇಳಬೇಕು. ಬದಲಿಸಿದ್ದೇ ಅಪರಾಧವೇನಲ್ಲ, ಬೆಲೆಯಲ್ಲಿ ಅದು ಕಾಣಬೇಕು ಅಷ್ಟೆ.

ಪಿಕಪ್ ಜೀವಂತವಾಗಿದೆಯೇ ಎಂದು ತಿಳಿಯಲು ಆಂಪ್ಲಿಫೈಯರ್ ಬೇಕೆಂದಿಲ್ಲ. ಜ್ಯಾಕಿಗೆ ಕೇಬಲ್ ಚುಚ್ಚಿ, ವಾಲ್ಯೂಮನ್ನು ಪೂರ್ತಿ ತಿರುಗಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಪ್ಲಗ್ಗಿನ ಮೊನೆಗೂ ಬುಡಕ್ಕೂ ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸಿದರೆ ಸಾಮಾನ್ಯವಾಗಿ ಕೆಲವು ಕಿಲೋ ಓಮ್‌ಗಳ ಸ್ಥಿರ ಅಂಕಿ ಬರಬೇಕು. ಅದು ವಾಲ್ಯೂಮ್ ಗುಂಡಿಯ ಸ್ವಂತ ಮೌಲ್ಯದಷ್ಟಕ್ಕೆ, ಅಂದರೆ ಲಕ್ಷಗಟ್ಟಲೆ ಓಮ್‌ಗೆ ಹೋಗಿ ನಿಂತರೆ ಸುರುಳಿ ಎಲ್ಲೋ ತುಂಡಾಗಿದೆ ಎಂದರ್ಥ. ಅಂಕಿಯೇ ಬರದಿದ್ದರೆ ಜ್ಯಾಕ್ ಅಥವಾ ಕೇಬಲ್ ಕೂಡ ಕೆಟ್ಟಿರಬಹುದು. ಸುರುಳಿಯನ್ನು ಮರುಸುತ್ತಿಸಬಹುದು, ನಾದ ಮರಳುತ್ತದೆ; ಆದರೆ ಮರುಸುತ್ತಿದ ಪಿಕಪ್‌ಗೆ ಅಸಲಿನ ಬೆಲೆ ಇಲ್ಲ. ಆಂಪ್ಲಿಫೈಯರಿಗೆ ಜೋಡಿಸಿದಾಗ ತುಸು ಗುಂಯ್‌ಗುಡುವುದು ಒಂಟಿ ಸುರುಳಿಯ ಪಿಕಪ್‌ಗಳಲ್ಲಿ ಸಹಜ. ತಂತಿ ಮುಟ್ಟಿದೊಡನೆ ಆ ಸದ್ದು ಹೆಚ್ಚಾದರೆ ಮಾತ್ರ ಭೂಸಂಪರ್ಕದ ದೋಷವನ್ನು ಹುಡುಕಬೇಕು.

ಎರಡನೆಯ ಪರೀಕ್ಷೆ ಕಣ್ಣಿನದು, ನನಗೆ ಅತ್ಯಂತ ಉಪಯುಕ್ತವೆನಿಸಿರುವುದೂ ಇದೇ. ಬಾರನ್ನು ನಟ್‌ನ ಹತ್ತಿರ ಎಲ್ಲ ತಂತಿಗಳ ಮೇಲೆ ಒತ್ತದೆ ಸುಮ್ಮನೆ ಇಡಿ. ಆಚೆ ಬದಿಯಲ್ಲಿ ಟಾರ್ಚ್ ಹಚ್ಚಿ, ಕಣ್ಣನ್ನು ತಂತಿಗಳ ಮಟ್ಟಕ್ಕೆ ಇಳಿಸಿ ನೋಡಿ. ಬಾರಿಗೂ ಯಾವುದಾದರೂ ತಂತಿಗೂ ನಡುವೆ ಬೆಳಕಿನ ಗೆರೆ ಕಂಡರೆ ಆ ತಂತಿ ಕೂರುವ ನಟ್‌ನ ತೋಡು ಆಳವಾಗಿ ಸವೆದಿದೆ. ಅದನ್ನು ನುಡಿಸಿದಾಗ ಸದ್ದು ಜರಜರ ಎನ್ನುತ್ತದೆ. ಇದೇ ಪರೀಕ್ಷೆಯನ್ನು ಕುದುರೆಯ ಬಳಿಯೂ ಮಾಡಬೇಕು. ಬಿಡಿಯಾದ ನಟ್ಟನ್ನು ಸರಿಮಾಡಿಸುವುದು ಸುಲಭ. ಬೇಕಲೈಟಿನ ಒಡಲಲ್ಲೇ ಅಚ್ಚಾಗಿರುವ ನಟ್ ಸವೆದಿದ್ದರೆ ಅದು ದೊಡ್ಡ ಕೆಲಸ. ಬಳಿಕ ಹನ್ನೆರಡನೆಯ ಗೆರೆಯ ನೇರ ಮೇಲೆ ಬೆರಳನ್ನು ಒತ್ತದೆ ತಾಗಿಸಿ ಹಾರ್ಮೋನಿಕ್ (ಗಂಟೆಯಂಥ ತೆಳು ಸ್ವರ) ನುಡಿಸಿ, ಅದೇ ಗೆರೆಯ ಮೇಲೆ ಬಾರ್ ಇಟ್ಟು ಬರುವ ಸ್ವರದೊಂದಿಗೆ ಹೋಲಿಸಿ. ಎರಡೂ ಕೂಡದಿದ್ದರೆ ಕುದುರೆ ಜರುಗಿದೆ ಅಥವಾ ಗೆರೆಹಲಗೆ ಬದಲಾಗಿದೆ. ನುಡಿಸುವಾಗ ಕಿವಿಯಿಂದ ಸರಿದೂಗಿಸಿಕೊಳ್ಳಬಹುದಾದರೂ ವಾದ್ಯಕ್ಕೆ ಎಲ್ಲೋ ಕೈಬಿದ್ದಿದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಬಿರಡೆಗಳ ಪ್ಲಾಸ್ಟಿಕ್ ಗುಂಡಿಗಳು ಕುಗ್ಗಿ ಪುಡಿಯಾಗುವುದು ಆ ಕಾಲದ ವಾದ್ಯಗಳಲ್ಲಿ ಸಾಮಾನ್ಯ. ಹೊಸ ಗುಂಡಿಗಳು ಸಿಗುತ್ತವೆ, ಹಳೆಯ ಯಂತ್ರವನ್ನು ಮಾತ್ರ ಎಸೆಯಬಾರದು. ಮುತ್ತಿನಂತೆ ಹೊಳೆಯುವ ಪರ್ಲಾಯ್ಡ್ ಹೊದಿಕೆ ಸೆಲ್ಯುಲಾಯ್ಡ್‌ನಿಂದ ಮಾಡಿದ್ದು. ಅದು ಕೊಳೆಯಲಾರಂಭಿಸಿದರೆ ಹೊರಬರುವ ಆಮ್ಲ ಹತ್ತಿರದ ಲೋಹವನ್ನೆಲ್ಲ ತಿನ್ನುತ್ತದೆ, ಹಾಗಾಗಿ ಪೆಟ್ಟಿಗೆ ತೆರೆದೊಡನೆ ಕಟುವಾದ ವಾಸನೆ ಬಂದು ತಿರುಪುಗಳಲ್ಲಿ ಹಸಿರು ಕಿಲುಬು ಕಂಡರೆ ದೂರ ಸರಿಯುವುದು ಒಳ್ಳೆಯದು. ಬೇಕಲೈಟ್ ಗಟ್ಟಿ, ಆದರೆ ಪೆಟ್ಟು ಬಿದ್ದರೆ ಒಡೆಯುವ ಗಟ್ಟಿ. ರಿಕನ್‌ಬ್ಯಾಕರ್ ಮಾಡೆಲ್ ಬಿ ವಾದ್ಯದಲ್ಲಿ ಕತ್ತು ಒಡಲಿಗೆ ಬೋಲ್ಟಿನಿಂದ ಸೇರುವ ಸಂದು, ಬಿರಡೆಗಳ ಅಕ್ಕಪಕ್ಕ, ತಿರುಪಿನ ರಂಧ್ರಗಳ ಸುತ್ತ ಕೂದಲೆಳೆಯಂಥ ಬಿರುಕುಗಳನ್ನು ಹುಡುಕಬೇಕು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅವು ಕಾಣುತ್ತವೆ, ನೇರ ಬೆಳಕಿನಲ್ಲಿ ಕಾಣುವುದಿಲ್ಲ.

ವಯಸ್ಸನ್ನು ತಿಳಿಯುವುದು

ಮಾರುವವರು ಹೇಳುವ ವರ್ಷವನ್ನು ಪುರಾವೆಯಿಲ್ಲದೆ ಒಪ್ಪಬೇಕಾಗಿಲ್ಲ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಪಾಟ್‌ಗಳ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್‌ಗಳ) ಮೇಲೆ ಒತ್ತಿರುವ ಅಂಕಿಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಮೊದಲ ಮೂರು ಅಂಕಿ ತಯಾರಕರನ್ನು ಸೂಚಿಸುತ್ತವೆ: 304 ಸ್ಟ್ಯಾಕ್‌ಪೋಲ್, 137 ಸಿಟಿಎಸ್, 134 ಸೆಂಟ್ರಲ್ಯಾಬ್. ಉಳಿದವು ವರ್ಷ ಮತ್ತು ವಾರ. 304331 ಎಂದಿದ್ದರೆ ಸ್ಟ್ಯಾಕ್‌ಪೋಲ್ ಕಂಪನಿ, 3ರಲ್ಲಿ ಕೊನೆಗೊಳ್ಳುವ ವರ್ಷ, 31ನೆಯ ವಾರ. ಆ ವರ್ಷ 1943 ಆಗಿರಲಾರದು, 1953 ಇರಬೇಕು ಎಂಬುದನ್ನು ಗಿಟಾರಿನ ಮಾದರಿ ನೋಡಿ ತೀರ್ಮಾನಿಸಬೇಕು. ಪಾಟ್ ತಯಾರಾದ ದಿನವೇ ಗಿಟಾರಿಗೆ ಸೇರುವುದಿಲ್ಲವಾದ್ದರಿಂದ ಈ ಅಂಕಿ ಹೇಳುವುದು ವಾದ್ಯ ಅದಕ್ಕಿಂತ ಹಳೆಯದಲ್ಲ ಎಂಬುದನ್ನು ಮಾತ್ರ, ಅದೂ ಪಾಟ್ ಅಸಲಿಯಾಗಿದ್ದರೆ. 1950ರ ದಶಕದ ಕೆಲವು ಫೆಂಡರ್‌ಗಳ ಒಳಗೆ ಕೆಲಸಗಾರರು ಹೆಸರು, ದಿನಾಂಕ ಬರೆದು ಅಂಟಿಸಿದ ಕಾಗದದ ಟೇಪು ಸಿಗುತ್ತದೆ. ಅದಿದ್ದರೆ ಯಾವ ಕಾರಣಕ್ಕೂ ಕೀಳಬಾರದು. ರಿಕನ್‌ಬ್ಯಾಕರ್ ಪಿಕಪ್‌ಗೆ 1937ರಲ್ಲಿ ಪೇಟೆಂಟ್ ದೊರೆಯಿತು; ಪೇಟೆಂಟ್ ಸಂಖ್ಯೆ ಮುದ್ರಿತವಾಗಿರುವ ವಾದ್ಯವನ್ನು 1934ರದೆಂದು ಯಾರಾದರೂ ಮಾರಲು ಬಂದರೆ ಮುಗುಳ್ನಕ್ಕು ಮುಂದೆ ಹೋಗಬಹುದು. 1942ರಿಂದ ಯುದ್ಧ ಮುಗಿಯುವವರೆಗೆ ಲೋಹದ ಬಳಕೆಯ ಮೇಲೆ ಸರ್ಕಾರದ ನಿರ್ಬಂಧವಿದ್ದುದರಿಂದ ಆ ನಡುವಿನ ವರ್ಷಗಳ ಹೆಸರು ಹೇಳುವ ಜಾಹೀರಾತನ್ನೂ ಅನುಮಾನದಿಂದಲೇ ನೋಡಬೇಕು.

ಬೆಲೆ ಮತ್ತು ಮಾರಾಟ

ಜಾಹೀರಾತಿನಲ್ಲಿ ಕೇಳುವ ಬೆಲೆ ಬೆಲೆಯಲ್ಲ, ಮಾರಾಟವಾದದ್ದೇ ಬೆಲೆ. ರಿವರ್ಬ್, ಇಬೇ ಎರಡರಲ್ಲೂ ಮಾರಾಟ ಮುಗಿದ ವಸ್ತುಗಳನ್ನು ಮಾತ್ರ ತೋರಿಸುವ ಸೌಲಭ್ಯವಿದೆ. ಅದರಲ್ಲಿ ನಿಮ್ಮ ಮಾದರಿಯದೇ ಹಲವು ವಾದ್ಯಗಳನ್ನು ಹುಡುಕಿ, ಸ್ಥಿತಿ ಮತ್ತು ಪೆಟ್ಟಿಗೆಯನ್ನು ಗಮನದಲ್ಲಿಟ್ಟು ಅಂದಾಜು ಮಾಡಬೇಕು. ಒಟ್ಟಾರೆ ಹೇಳುವುದಾದರೆ ಸುಪ್ರೊ, ಓಆಹು, ಮ್ಯಾಗ್ನಾಟೋನ್, ಬಿಆರ್-9ರಂಥ ವಿದ್ಯಾರ್ಥಿ ವಾದ್ಯಗಳು ಕೆಲವು ನೂರು ಡಾಲರಿನಲ್ಲಿ ಸಿಗುತ್ತವೆ, ಯುದ್ಧಪೂರ್ವದ ಬೇಕಲೈಟ್ ರಿಕನ್‌ಬ್ಯಾಕರ್ ಸಾವಿರ ದಾಟುತ್ತದೆ, ಫ್ರೈಯಿಂಗ್ ಪ್ಯಾನ್ ಮತ್ತು ವೈಸನ್‌ಬಾರ್ನ್ ಹಲವು ಸಾವಿರಕ್ಕೆ ಹೋಗುತ್ತವೆ. ಅದೇ ಕಾಲದ ಪೆಟ್ಟಿಗೆ ಜೊತೆಗಿದ್ದರೆ ಬೆಲೆ ಏರುತ್ತದೆ. ಜೋಡಿ ಆಂಪ್ಲಿಫೈಯರ್ ಇದ್ದರೆ ಇನ್ನೂ ಏರುತ್ತದೆ.

ಮಾರುವವರು ಮೊದಲು ಕಲಿಯಬೇಕಾದದ್ದು ಕೈ ಕಟ್ಟಿಕೊಂಡಿರುವುದನ್ನು. ಹೊಸ ಬಣ್ಣ ಬಳಿಯಬೇಡಿ, ಮಾಸಿದ ಲೋಹಕ್ಕೆ ಮೆರುಗು ಹಾಕಿಸಬೇಡಿ, ಕರಕರ ಎನ್ನುವ ಪಾಟನ್ನು ಬದಲಿಸಲು ಧಾವಿಸಬೇಡಿ. ಪಾಟಿನ ಸದ್ದು ಬಹುಪಾಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿದರೆ ಹೋಗುತ್ತದೆ. ಧೂಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಬದಲಿಸಲೇಬೇಕಾದ ಭಾಗವಿದ್ದರೆ ತೆಗೆದದ್ದನ್ನು ಚೀಲವೊಂದರಲ್ಲಿ ಹಾಕಿ ವಾದ್ಯದ ಜೊತೆಯಲ್ಲೇ ಕೊಡಿ. ಒಡೆದ ಬಿರಡೆಗೂ ಕೊಳ್ಳುವವರಿದ್ದಾರೆ.

ಜಾಹೀರಾತಿನಲ್ಲಿ ಮುಂಭಾಗ, ಹಿಂಭಾಗ, ಹೆಡ್‌ಸ್ಟಾಕಿನ ಎರಡೂ ಮಗ್ಗುಲು, ಪಾಟಿನ ಅಂಕಿಗಳು, ಬೆಸುಗೆಗಳು, ಪೆಟ್ಟಿಗೆಯ ಒಳಗು, ಮತ್ತು ಇರುವ ಪ್ರತಿಯೊಂದು ಗಾಯದ ಹತ್ತಿರದ ಫೋಟೋ ಇರಲಿ. ಮಲ್ಟಿಮೀಟರಿನ ಅಂಕಿಯನ್ನು ಬರೆಯಿರಿ, ಅರ್ಧ ನಿಮಿಷದ ಧ್ವನಿಯನ್ನು ಸೇರಿಸಿ. ‘ಸಂಪೂರ್ಣ ಅಸಲಿ’ ಎಂಬ ಮಾತನ್ನು ಮುಚ್ಚಳ ತೆಗೆದು ನೋಡಿದ ಮೇಲೆ ಮಾತ್ರ ಬಳಸಿ. ತಿಳಿಯದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯುವ ಮಾರಾಟಗಾರನಿಗೆ ಈ ಸಣ್ಣ ಮಾರುಕಟ್ಟೆಯಲ್ಲಿ ಬೇಗನೆ ಒಳ್ಳೆಯ ಹೆಸರು ಬರುತ್ತದೆ. ಪಿಕಪ್ಪನ್ನು ಬೇರೆಯಾಗಿ ಮಾರಿದರೆ ಹೆಚ್ಚು ಹಣ ಬರುವ ಸಂದರ್ಭಗಳು ನಿಜವಾಗಿಯೂ ಇವೆ. ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಒಡಲು ಈಗಾಗಲೇ ದುರಸ್ತಿಗೆ ಮೀರಿ ಹಾಳಾಗಿದ್ದರೆ ಮಾತು ಬೇರೆ.

ಕೊಳ್ಳುವವರು ಹಣ ಕಳಿಸುವ ಮುನ್ನ ಅಂದಿನ ದಿನಾಂಕ ಬರೆದ ಚೀಟಿಯನ್ನು ವಾದ್ಯದ ಪಕ್ಕದಲ್ಲಿಟ್ಟು ತೆಗೆದ ಫೋಟೋ ಕೇಳುವುದು ವಾಡಿಕೆ. ಪ್ರಾಮಾಣಿಕರು ಇದಕ್ಕೆ ಬೇಸರಿಸುವುದಿಲ್ಲ, ಕದ್ದ ಫೋಟೋ ಹಾಕಿದವರು ಮಾತ್ರ ನೆಪ ಹೇಳುತ್ತಾರೆ.

ಸಾಗಣೆ, ಗಡಿ ಮತ್ತು ಕರೆಂಟು

ಪೆಟ್ಟಿಗೆಯೊಳಗೆ ವಾದ್ಯ ಕದಲದಂತೆ ಹೆಡ್‌ಸ್ಟಾಕಿನ ಕೆಳಗೂ ಇಕ್ಕೆಲಗಳಲ್ಲೂ ಮೆತ್ತೆ ತುಂಬಿ, ತಂತಿಗಳನ್ನು ತುಸು ಸಡಿಲಿಸಿ, ಬಾರನ್ನು ಕಡ್ಡಾಯವಾಗಿ ಬೇರೆಯಾಗಿ ಸುತ್ತಿಡಬೇಕು. ಸಡಿಲವಾಗಿ ಬಿಟ್ಟ ಉಕ್ಕಿನ ಬಾರ್ ದಾರಿಯಲ್ಲಿ ಬೇಕಲೈಟನ್ನು ಒಡೆಯಲು ಸಾಕು. 22.5 ಅಂಗುಲ ತಂತಿಯುದ್ದದ ವಾದ್ಯಗಳ ಒಟ್ಟು ಉದ್ದ ಸುಮಾರು 30 ಅಂಗುಲವಾದ್ದರಿಂದ, ಅಮೆರಿಕದಿಂದ ಊರಿಗೆ ಬರುವ ನೆಂಟರು ಸಾಮಾನಿನ ಜೊತೆ ತರಬಲ್ಲ ಗಿಟಾರು ಇದೊಂದೇ ಎನ್ನಬಹುದು. ಬಾರ್ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಪ್ರಶ್ನೆಗಳು ಏಳುತ್ತವೆ, ಅದನ್ನು ದೊಡ್ಡ ಸೂಟ್‌ಕೇಸಿಗೆ ಸೇರಿಸಬೇಕು. ಕೊಂಡ ರಶೀದಿ ಕೈಯಲ್ಲಿರಲಿ. ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವವರು, ಬಳಸಿದ ವಸ್ತುಗಳ ಆಮದಿಗೆ ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧವಿರುವುದರಿಂದ, ಹಣ ಕೊಡುವ ಮೊದಲೇ ಕಸ್ಟಮ್ಸ್ ಬ್ರೋಕರರನ್ನು ವಿಚಾರಿಸುವುದು ಅಗತ್ಯ.

ಇನ್ನೊಂದು ಕಾನೂನಿನ ಮಾತು ಮರಕ್ಕೆ ಸಂಬಂಧಿಸಿದ್ದು. ಆ ಕಾಲದ ಅಮೆರಿಕದ ತಯಾರಕರು ಗೆರೆಹಲಗೆಗೆ ಬ್ರೆಜಿಲ್‌ನ ಬೀಟೆಯನ್ನು ಧಾರಾಳವಾಗಿ ಬಳಸುತ್ತಿದ್ದರು. ನಮ್ಮ ಮಲೆನಾಡಿನ ಬೀಟೆ ಬೇರೆ ಜಾತಿ. ಬ್ರೆಜಿಲ್‌ನ ಬೀಟೆ 1992ರಿಂದ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ; ಅದಿರುವ ವಾದ್ಯವನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಪ್ರಮಾಣಪತ್ರ ಬೇಕು. 2019ರಲ್ಲಿ ಇತರ ಬೀಟೆ ಜಾತಿಗಳ ಸಿದ್ಧವಾದ ವಾದ್ಯಗಳಿಗೆ ಸಿಕ್ಕ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. ಪೂರ್ತಿ ಲೋಹ, ಬೇಕಲೈಟ್ ಅಥವಾ ಪ್ಲಾಸ್ಟಿಕ್ ಗೆರೆಹಲಗೆಯ ವಾದ್ಯ ಆರಿಸಿಕೊಂಡರೆ ಈ ತೊಡಕೇ ಇರುವುದಿಲ್ಲ.

ಜೋಡಿ ಆಂಪ್ಲಿಫೈಯರ್ ಕೂಡ ಬಂದಿದ್ದರೆ ಅದನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಬಾರದು. ಅದು ಸುಮಾರು 117 ವೋಲ್ಟಿಗೆಂದು ಮಾಡಿದ್ದು, ನಮ್ಮಲ್ಲಿರುವುದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡರೂ ಕೆಲಸ ಮುಗಿಯಲಿಲ್ಲ: ಆ ಕಾಲದ ಆಂಪ್ಲಿಫೈಯರ್‌ಗಳಿಗೆ ಎರಡೇ ಕಡ್ಡಿಯ ಪ್ಲಗ್ ಇರುತ್ತದೆ, ಅರ್ತಿಂಗ್ ಇರುವುದಿಲ್ಲ, ಒಳಗಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ಲ್ಯಾಪ್ ಸ್ಟೀಲ್ ನುಡಿಸುವವರ ಕೈ ಸದಾ ಲೋಹದ ಬಾರಿನ ಮೂಲಕ ತಂತಿಗಳಿಗೆ ತಾಗಿಯೇ ಇರುವುದರಿಂದ ಈ ದೋಷ ಪ್ರಾಣಾಪಾಯಕ್ಕೂ ಕಾರಣವಾಗಬಹುದು. ವಾಲ್ವ್ ರೇಡಿಯೋ ರಿಪೇರಿ ಬಲ್ಲ ಮೆಕ್ಯಾನಿಕ್ ಒಬ್ಬರಿಂದ ಮೂರು ಕಡ್ಡಿಯ ಪ್ಲಗ್ ಹಾಕಿಸಿ, ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಿಕೊಳ್ಳುವವರೆಗೆ ಗಿಟಾರನ್ನು ಮಾತ್ರ ಹೊಸ ಆಂಪ್ಲಿಫೈಯರ್ ಒಂದಕ್ಕೆ ಜೋಡಿಸಿ ನುಡಿಸಿ.